ಅಪ್‌ಡೇಟ್: ಕಿನ್ನಾಳದ ಒತ್ತು ಕೊನೆಗೂ ಕೂತಿತು

ಕೊಪ್ಪಳದಲ್ಲಿ ನಮ್ಮ ಭಾವ ನಡೆಸುವ ಕಿನ್ನಾಳ ಗೊಂಬೆಗಳ ಅಂಗಡಿಯ ವೆಬ್‌ಸೈಟ್‌ಗೆ ‘ಬಾಲೂ ತಮ್ಮ 2’ ಎಂಬ ಕನ್ನಡ ಫಾಂಟ್ ಹಾಕಿದ ಮೇಲೆ ‘ಕಿನ್‌ನಾಳ’, ‘ಕೊಪ್‌ಪಳ’ ಎಂದು ಒತ್ತಕ್ಷರಗಳು ಒಡೆದು ಕಾಣುತ್ತಿವೆ ಎಂದು ಹೋದ ವಾರ ಇಲ್ಲಿ ಕೇಳಿದ್ದೆ. ಊರಿಗೂ ಗೊಂಬೆಗೂ ಒತ್ತಿರುವ ಹೆಸರೇ ಇರಬೇಕೇ!

ಬ್ರೌಸರ್ ಉಳಿಸಿಟ್ಟ ಹಳೆಯ ಪ್ರತಿಗಳನ್ನು (ಕ್ಯಾಶ್) ಅಳಿಸಿದ್ದು, ಬ್ರೌಸರ್ ಬದಲಿಸಿದ್ದು ಎರಡೂ ವ್ಯರ್ಥವಾದವು. ‘ಫಾಂಟ್ ಕಡತವನ್ನೇ ಅನುಮಾನಿಸಿ’ ಎಂದವರ ಮಾತು ನಿಜವಾಯಿತು. ಪುಟ ಬೇಗ ತೆರೆಯಲಿ ಎಂದು ಒಂದು ಉಚಿತ ಸಾಧನದಲ್ಲಿ ಕಡತವನ್ನು ಕುಗ್ಗಿಸಿದ್ದೆ. ಅದು ಫಾಂಟ್‌ನೊಳಗಿನ ಜಿಸಬ್ (GSUB) ಎಂಬ ಅಕ್ಷರರೂಪ ಬದಲಿಸುವ ಕೋಷ್ಟಕವನ್ನೇ ಕತ್ತರಿಸಿ ಎಸೆದಿತ್ತು. ಯೂನಿಕೋಡ್‌ನಲ್ಲಿ ಕನ್ನಡದ ಒತ್ತುಗಳಿಗೆ ಪ್ರತ್ಯೇಕ ಸಂಕೇತಗಳಿಲ್ಲವಂತೆ. ನಕಾರ, ಹಲಂತ (‘್’ ಚಿಹ್ನೆ), ಮತ್ತೆ ನಕಾರ ಬಂದಾಗ ಒತ್ತಿನ ರೂಪವನ್ನು ಆರಿಸಿಕೊಡುವುದು ಆ ಕೋಷ್ಟಕ. ಇಷ್ಟು ವರ್ಷ ಕನ್ನಡ ಟೈಪ್ ಮಾಡುತ್ತಿದ್ದರೂ ನನಗಿದು ಗೊತ್ತಿರಲಿಲ್ಲ.

ಗೂಗಲ್ ಫಾಂಟ್ಸ್‌ನಿಂದ ಕಡತವನ್ನು ಹೊಸದಾಗಿ ಇಳಿಸಿಕೊಂಡೆ. ಫಾಂಟ್‌ಟೂಲ್ಸ್ ಎಂಬ ಇನ್ನೊಂದು ಉಚಿತ ಸಾಧನದಲ್ಲಿ, ಒತ್ತು ಕೂರಿಸುವ ಲೇಔಟ್ ಫೀಚರ್‌ಗಳನ್ನೆಲ್ಲ ಉಳಿಸಿಕೊಂಡು, ವೆಬ್‌ಗೆಂದೇ ಇರುವ ಡಬ್ಲ್ಯುಒಎಫ್‌ಎಫ್2 (WOFF2) ರೂಪಕ್ಕೆ ತಂದೆ. ಒತ್ತುಗಳು ಬಂದವು, ಆದರೆ ಶೀರ್ಷಿಕೆಯಲ್ಲಿ ಅವುಗಳ ಬುಡ ಕತ್ತರಿಸಿತ್ತು. ಸಾಲಿನ ಎತ್ತರವನ್ನು 1.2ರಿಂದ 1.6ಕ್ಕೆ ಏರಿಸಿದ ಮೇಲೆ ಅದೂ ಸರಿಯಾಯಿತು.

‘ನಮ್ಮ ಬಗ್ಗೆ’ ಪುಟ ಮಾತ್ರ ಯಾವ ಫಾಂಟ್‌ಗೂ ಬಗ್ಗಲಿಲ್ಲ. ಭಾವನ ಹಳೆಯ ಕರಪತ್ರದಿಂದ ನಕಲಿಸಿದ ಆ ಬರಹ ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಸಂಕೇತದಲ್ಲಿತ್ತು, ಯೂನಿಕೋಡ್‌ನಲ್ಲಿ ಇರಲಿಲ್ಲ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಕೂಡಲೇ ಅಕ್ಷರಗಳು ಮೂಡಿದವು.

ಎಲ್ಲ ಮುಗಿಸಿ ತೋರಿಸಿದರೆ ಭಾವ ಕೇಳಿದ್ದು ಒಂದೇ: “ಗೊಂಬೆಯ ಚಿತ್ರ ಯಾಕೆ ಇಷ್ಟು ಚಿಕ್ಕದು?”