ಸಹಾಯ ಬೇಕು: ಹುಬ್ಬಳ್ಳಿ-ಗದಗ ಸೀಸನ್ ಪಾಸ್ ಎಕ್ಸ್‌ಪ್ರೆಸ್ಸಿಗೆ ನಡೀತೈತೋ ಇಲ್ಲೋ?

ನಮಸ್ಕಾರ್ರಿ ಎಲ್ಲಾರಿಗೂ. ನನ್ನ ತಂಗಿ ಗದಗದಿಂದ ಹುಬ್ಬಳ್ಳಿಗೆ ದಿನಾ ಕೆಲಸಕ್ಕ ಹೋಗಿ ಬರ್ತಾಳ, ಸೆಕೆಂಡ್ ಕ್ಲಾಸ್ ತಿಂಗಳ ಪಾಸ್ ಐತಿ, ತಾರೀಖು ಮುಗಿದಿಲ್ಲ, ಐಡಿ ಕಾರ್ಡೂ ಜೋಡಿಗೇ ಇರ್ತೈತಿ. ಮುಂಜಾನೆ ಪ್ಯಾಸೆಂಜರಿಗೆ ಹೋಗ್ತಾಳ, ಏನೂ ತ್ರಾಸಿಲ್ಲ. ಸಂಜಿಕೆ ಬರೋ ಮುಂದ ಸಿಕ್ಕಿದ್ದ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿ ಹತ್ತತಾಳ, ಅಲ್ಲೇ ನೋಡ್ರಿ ಲಫಡಾ. ಒಬ್ರು ಟಿಸಿ ಪಾಸ್ ನೋಡಿ ಸುಮ್ನ ಹೋಗ್ತಾರ, ಇನ್ನೊಬ್ರು "ಇದು ಈ ಗಾಡಿಗೆ ನಡೆಂಗಿಲ್ಲ, ದಂಡ ಕಟ್ರಿ" ಅಂತಾರ. ಕೌಂಟರಿನ್ಯಾಗ ಕೇಳಿದ್ರ ಬ್ಯಾರೆ ಟಿಕೆಟ್ ತಗೋರಿ ಅಂತ ಹೇಳ್ತಾರ, ಯಾವ ರೂಲು ಅಂದ್ರ ಹಿಂದ ಪಾಳಿ ಐತಿ ಸರೀರಿ ಅಂತ, ಮುಗೀತು.

ಸೂಪರ್‌ಫಾಸ್ಟಿಗೆ ಸರ್‌ಚಾರ್ಜ್ ಕಟ್ಟಬೇಕು ಅನ್ನೋದು ಗೊತ್ತೈತ್ರಿ, ಹಂಗಾಗಿ 12, 20, 22ರಿಂದ ಶುರು ಆಗೋ ನಂಬರಿನ ಗಾಡಿ ಆಕಿ ಹತ್ತಂಗೇ ಇಲ್ಲ. ಹತ್ತೋದು 16, 17ರಿಂದ ಶುರು ಆಗೋ ಸಾದಾ ಎಕ್ಸ್‌ಪ್ರೆಸ್. ರೇಟಿಂದೂ ಒಂದು ಗೋಜಲ, ಕೊರೊನಾ ಟೈಮಿನ್ಯಾಗ ಪ್ಯಾಸೆಂಜರಿಗೂ ಎಕ್ಸ್‌ಪ್ರೆಸ್ ರೇಟ್ ಹಾಕಿ ಕನಿಷ್ಠ 10 ರೂಪಾಯಿ ಇದ್ದದ್ದು 30 ಮಾಡಿದ್ರು, 2024ರಾಗ ತಿರುಗಿ ಇಳಿಸಿದ್ರು, ಈಗ ಯಾವ ಗಾಡಿ ಯಾವ ಲೆಕ್ಕಕ್ಕ ಅಂತ ಕೇಳಿದ್ರ ಒಬ್ಬೊಬ್ರು ಒಂದೊಂದು ಹೇಳ್ತಾರ. ರೈಲ್ವೇ ಸಹಾಯವಾಣಿ 139ಕ್ಕ ಫೋನ್ ಮಾಡೇವಿ, ಬರದೂ ಕೊಟ್ಟೇವಿ, ಉತ್ತರದ ಹಾದಿ ನೋಡಾಕತ್ತೇವಿ.

ದಿನಾ ಓಡಾಡೋರು, ಇಲ್ಲಾ ರೈಲ್ವೇದಾಗ ಇರೋರು ಯಾರರ ಹೇಳ್ರಿ: ಸರ್‌ಚಾರ್ಜ್ ಇಲ್ಲದ ಪಾಸ್ ಈ ರೂಟಿನ ಸಾದಾ ಎಕ್ಸ್‌ಪ್ರೆಸ್ ಜನರಲ್ ಡಬ್ಬಿಗೆ ನಡೀತೈತೋ ಇಲ್ಲೋ? ನಡೀತಿದ್ರ ಟಿಸಿ ಮುಂದ ಹಿಡಿಯಾಕ ಯಾವ ಆರ್ಡರ್ ಕಾಪಿ ಇಟ್ಕೋಬೇಕು?