ಫುಲ್‌ಕ್ಯಾಲೆಂಡರ್: ಕಟ್ಟಡ, ಮಹಡಿ, ರೂಮು ಅಂತ ಮೂರು ಹಂತ ತರೋದು ಹೇಗೆ?

ಒಂದು ಕಾಲೇಜಿನ ರೂಮ್ ಬುಕಿಂಗ್‌ಗೆ ಫುಲ್‌ಕ್ಯಾಲೆಂಡರ್ (ವೆಬ್‌ಪೇಜಲ್ಲಿ ಕ್ಯಾಲೆಂಡರ್ ತೋರಿಸೋ ಜಾವಾಸ್ಕ್ರಿಪ್ಟ್ ಲೈಬ್ರರಿ) ಬಳಸಿ ಟೈಮ್‌ಲೈನ್ ವ್ಯೂ (ರೂಮಿಗೊಂದು ಸಾಲು, ಸಮಯ ಅಡ್ಡಕ್ಕೆ) ಹಾಕಿದೀನಿ, ಎಡಗಡೆ ಎಲ್ಲ ರೂಮೂ ರೈಲು ಥರ ಉದ್ದಕ್ಕೆ ಬರ್ತಿತ್ತು ಅಂತ ರಿಸೋರ್ಸ್‌ಗ್ರೂಪ್‌ಫೀಲ್ಡ್‌ಗೆ (ಸಾಲುಗಳನ್ನ ಗುಂಪು ಮಾಡೋ ಸೆಟ್ಟಿಂಗ್) ಬಿಲ್ಡಿಂಗ್ ಕೊಟ್ಟೆ, ಕಟ್ಟಡದ ಹೆಸರೇನೋ ಮೇಲೆ ಬಂತು ಆದ್ರೆ ಅದರೊಳಗೆ ಮಹಡಿ ಬರ್ತಾನೇ ಇಲ್ಲ. ಎರಡು ದಿನದಿಂದ ತಲೆ ಕೆಟ್ಟಿದೆ.

ಉತ್ತರ 1:
ರಿಸೋರ್ಸ್‌ಗ್ರೂಪ್‌ಫೀಲ್ಡ್ ಒಂದೇ ಹಂತಕ್ಕೆ ಗುರು. ನಿಂಗೆ ಬೇಕಿರೋದು ಪೇರೆಂಟ್‌ಐಡಿ, ಅಂದ್ರೆ ಈ ಸಾಲು ಯಾವ ಸಾಲಿನ ಒಳಗೆ ಬರ್ಬೇಕು ಅಂತ ಹೇಳೋದು. ಮೇನ್ ಬ್ಲಾಕ್‌ಗೆ ಐಡಿ 'ಎಂ', ಮೊದಲ ಮಹಡಿಗೆ ಐಡಿ 'ಎಂ1' ಪೇರೆಂಟ್‌ಐಡಿ 'ಎಂ', ಲ್ಯಾಬ್ 104ಕ್ಕೆ ಪೇರೆಂಟ್‌ಐಡಿ 'ಎಂ1', ಅಷ್ಟೇ. ಚಿಲ್ಡ್ರನ್ ಅನ್ನೋ ಪಟ್ಟಿಲಿ ಒಳಗೊಳಗೇ ಬರೆದ್ರೂ ನಡೆಯುತ್ತೆ, ಆದ್ರೆ ಡೇಟಾಬೇಸ್‌ನಿಂದ ಬರೋ ಸಾಲುಗಳಿಗೆ ಪೇರೆಂಟ್‌ಐಡಿನೇ ಸಲೀಸು.

ಉತ್ತರ 2:
ಮೇಲಿನವ್ರು ಹೇಳಿದ್ದು ಸರಿ, ಆದ್ರೆ ಹೀಗೆ ಮಾಡಿದ್ಮೇಲೆ ಮಹಡಿನೂ ಒಂದು ರಿಸೋರ್ಸೇ (ರೂಮಿನ ಥರಾನೇ ಬುಕಿಂಗ್ ಹಾಕಬಹುದಾದ ಸಾಲು) ಆಗೋಗುತ್ತೆ, ಯಾರೋ ಕ್ಲಾಸನ್ನ ಎಳ್ಕೊಂಡು ಹೋಗಿ 'ಮೊದಲ ಮಹಡಿ' ಸಾಲಲ್ಲೇ ಬಿಟ್ಟಿರ್ತಾರೆ, ನಮ್ಮಲ್ಲಿ ಆಗಿದೆ. ಈವೆಂಟ್‌ಅಲೌ (ಎಳೆದು ಬಿಡೋಕೆ ಅನುಮತಿ), ಸೆಲೆಕ್ಟ್‌ಅಲೌ (ಸಮಯ ಆರಿಸೋಕೆ ಅನುಮತಿ) ಎರಡರಲ್ಲೂ ತಡೀರಿ. ಮಹಡಿ ಮಡಚಿದ್ರೆ ಒಳಗಿನ ಬುಕಿಂಗೂ ಕಾಣಲ್ಲ, ಮೇಲಿನ ಸಾಲಿಗೆ ತಾನಾಗೇ ಬರಲ್ಲ.

ಕೇಳಿದವ್ರು:
ಬಂತು! ಮೊದಲೇ ಮಡಚಿಟ್ಟಿರಲಿ ಅಂತ ರಿಸೋರ್ಸಸ್‌ಇನಿಶಿಯಲಿಎಕ್ಸ್‌ಪಾಂಡೆಡ್‌ಗೆ ಫಾಲ್ಸ್ ಕೊಟ್ಟೆ. ಲ್ಯಾಬ್ ಬುಕಿಂಗ್ ಎಲ್ಲಿ ಮಾಯ ಆಯ್ತು ಅಂತ ಆಗ್ಲೇ ಫೋನು ಬಂದಿದೆ.