ಅಪ್‌ಡೇಟ್: ಬೋರ್ನಿಯೊಗೆ ಹೋಗಿ ಬಂದೆ

ಬೋರ್ನಿಯೊ ದ್ವೀಪದಲ್ಲಿ ಮಳೆಕಾಡು ಮತ್ತೆ ಬೆಳೆಸುವ ಕೆಲಸಕ್ಕೆ ಎರಡು ವಾರ ಸ್ವಯಂಸೇವಕಳಾಗಿ ಹೋಗಲಾ, ಕೈಯಿಂದ ದುಡ್ಡು ಹಾಕಿ ಹೋಗೋದರಲ್ಲಿ ಅರ್ಥ ಇದೆಯಾ ಅಂತ ಕೇಳಿದ್ದೆ. ಹೋಗಿ ಬಂದೆ.

ಮಲೇಷ್ಯಾದ ಸಬಾ ರಾಜ್ಯ, ಕಿನಬಟಾಂಗನ್ ನದಿ ದಂಡೆ. ಎಣ್ಣೆತಾಳೆ ತೋಟಗಳು ಅಲ್ಲಿನ ಕಾಡನ್ನು ತುಂಡು ತುಂಡು ಮಾಡಿವೆ. ಆನೆ, ಒರಾಂಗುಟಾನ್ ಓಡಾಡಬೇಕಾದರೆ ಆ ತುಂಡುಗಳನ್ನು ಜೋಡಿಸಲೇಬೇಕು. ನಾನು ಸಸಿ ನೆಟ್ಟಿದ್ದು ಎರಡೇ ದಿನ, ಉಳಿದ ದಿನವೆಲ್ಲ ಕಳೆ ಕಿತ್ತೆ. ಅದೇ ನಿಜವಾದ ಕೆಲಸ. ಹುಲ್ಲು, ಬಳ್ಳಿ ಎದೆಮಟ್ಟ ಬೆಳೆದು ಸಸಿಯನ್ನು ನುಂಗಿಬಿಡುತ್ತೆ. ಒಂದು ಕಡೆ ಬಳ್ಳಿ ಬಿಡಿಸಿದರೆ ಒಳಗೆ ಮೊಣಕಾಲೆತ್ತರದ ಕದಂಬ! ಅಲ್ಲಿ ಲಾರಾನ್ ಅಂತಾರೆ. ಎರಡು ಹೊಸ ಎಲೆ ಬಿಟ್ಟಿತ್ತು. ಕಣ್ಣು ತುಂಬಿ ಬಂತು.

ದುಡ್ಡು ಯಾರಿಗೆ ಹೋಗುತ್ತೆ ಅಂತ ಮೊದಲೇ ವಿಚಾರಿಸು ಅಂದವರಿಗೆ ಧನ್ಯವಾದ. ನರ್ಸರಿ ನೋಡಿಕೊಳ್ಳುವವರು ಆ ಊರಿನ ಹೆಂಗಸರೇ, ಕೂಲಿ ಅವರಿಗೇ ಸೇರುತ್ತೆ. ಇಂಬಳ (ಕಾಡಿನ ಜಿಗಣೆ) ಕಚ್ಚದ ಹಾಗೆ ಉದ್ದ ಕಾಲುಚೀಲ ಒಯ್ಯಿ ಅಂದ ಅಕ್ಕನಿಗಂತೂ ದೊಡ್ಡ ನಮಸ್ಕಾರ.

ಮರಿ ಒರಾಂಗುಟಾನ್ ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳಬಹುದು ಅನ್ನುವ ಕಡೆ ದಯವಿಟ್ಟು ಹೋಗಬೇಡಿ. ನಮ್ಮ ನೆಗಡಿ ಅವಕ್ಕೂ ಅಂಟುತ್ತೆ. ನಾನು ಕಂಡಿದ್ದು ಒಂದನ್ನೇ, ದೋಣಿಯಿಂದ, ದೂರದ ಅತ್ತಿಮರದಲ್ಲಿ. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ.